ಮೀನು ಬಿಡಿ, ಕೈ ನೋಡಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಮೀನು ಹಿಡಿಯುವ ಸಿನಿಮಾಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ತುಂಗೆಯ ದಂಡೆಯಲ್ಲಿ, ಶರಾವತಿ ಹಿನ್ನೀರಿನ ಊರುಗಳಲ್ಲಿ ಕೂತು ಕೇಳುತ್ತಿರುವವರಿಗೆ ಗಾಳ ಅಂದರೇನು, ಬಲೆ ಅಂದರೇನು ಎಂದು ಹೇಳಿಕೊಡಬೇಕಿಲ್ಲ. ಒಂದೇ ಮಾತು ಹೇಳುತ್ತೇನೆ. ಇಂಥ ಸಿನಿಮಾದಲ್ಲಿ ಮೀನನ್ನು ನೋಡಬೇಡಿ, ಹಿಡಿಯುವವರ ಕೈ ನೋಡಿ. ಸತ್ತ ಮೀನನ್ನು ಸಂತೆಯಿಂದ ತಂದು ಕೊಕ್ಕೆಗೆ ಸಿಕ್ಕಿಸಬಹುದು. ಪಳಗಿದ ಕೈ ಸಂತೆಯಲ್ಲಿ ಸಿಗುವುದಿಲ್ಲ.

ಬೀಸುಬಲೆಯನ್ನೇ ತಗೊಳ್ಳಿ. ಹಗ್ಗದ ಕುಣಿಕೆ ಎಡಗೈ ಮಣಿಕಟ್ಟಿಗೆ, ಬಲೆಯ ಒಂದು ಪಾಲು ಮೊಣಕೈ ಮೇಲೆ, ಉಳಿದದ್ದು ಬಲಗೈಯಲ್ಲಿ. ಸೊಂಟ ತಿರುಗಿಸಿ ಬೀಸಿದರೆ ಬಲೆ ದುಂಡಗೆ ಬಿಚ್ಚಿಕೊಂಡು ಬೀಳಬೇಕು. ಅಂಚಿನ ಮಣಿಗಳು ತಳ ಮುಟ್ಟುವತನಕ ಕಾಯಬೇಕು. ಅವಸರಕ್ಕೆ ಎಳೆದರೆ ಅಂಚು ಮೇಲೇಳುತ್ತದೆ, ಮೀನು ಅಡಿಯಿಂದ ನುಸುಳುತ್ತದೆ. ಬೀಸುವ ಹೊತ್ತಿಗೇ ಶಾಟ್ ಕತ್ತರಿಸಿ ಒದ್ದಾಡುವ ಮೀನು ತೋರಿಸಿದರೋ, ಆ ನಟನಿಗೆ ಬೀಸಲು ಬರುವುದಿಲ್ಲ ಅಂತಲೇ ಲೆಕ್ಕ.

ಕೈಯನ್ನು ಪೂರ್ತಿ ತೋರಿಸಿದ ಸಿನಿಮಾ 1992ರ ‘ಎ ರಿವರ್ ರನ್ಸ್ ಥ್ರೂ ಇಟ್’. ನಿರ್ದೇಶನ ರಾಬರ್ಟ್ ರೆಡ್‌ಫರ್ಡ್. ಅಲ್ಲಿನ ನಾಯಕರ ಗಾಳಕ್ಕೆ ಎರೆಹುಳ ಇಲ್ಲ, ಸೀಸದ ಗುಂಡೂ ಇಲ್ಲ. ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ಹುಳುವಿನ ವೇಷ ಹಾಕಿರುತ್ತಾರೆ. ಅದಕ್ಕೆ ತೂಕವೇ ಇಲ್ಲದ್ದರಿಂದ ದಪ್ಪ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ದಾರ ಹಿಂದಕ್ಕೆ ಹೋಗಿ ನೆಟ್ಟಗಾಗುವತನಕ ಕೈ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಬೇಗ ಬೀಸಿದರೆ ಚಟೀರ್ ಅಂತ ಕೊಕ್ಕೆ ಹರಿದು ಹೋಗುತ್ತದೆ, ತಡವಾದರೆ ದಾರ ಜೋತುಬಿದ್ದು ಹಿಂದಿನ ಪೊದೆಗೆ ಸಿಕ್ಕಿಕೊಳ್ಳುತ್ತದೆ. ಛಾಯಾಗ್ರಾಹಕ ಫಿಲಿಪ್ ರೂಸೆಲೋಗೆ ಇದಕ್ಕೆ ಆಸ್ಕರ್ ಬಂತು. ಬರಲೇಬೇಕಿತ್ತು!

ಈಗ ನನಗೆ ಬಹಳ ಇಷ್ಟದ ಸಂಗತಿ. ರಾಬರ್ಟ್ ಫ್ಲಾಹರ್ಟಿ ಐರ್ಲೆಂಡಿನ ಅರಾನ್ ದ್ವೀಪಗಳಿಗೆ ಹೋಗಿ ತೆಗೆದ ‘ಮ್ಯಾನ್ ಆಫ್ ಅರಾನ್’ 1934ರಲ್ಲಿ ತೆರೆಗೆ ಬಂತು. ಬರೀ ಬಂಡೆಯ ನೆಲ. ಕಡಲಪಾಚಿ ತಂದು ಹರವಿ ಆಲೂಗಡ್ಡೆ ಬೆಳೆಯುವ ಜನ. ಅವರು ದೋಣಿಯಲ್ಲಿ ಹೋಗಿ ದೈತ್ಯ ಶಾರ್ಕಿಗೆ ಈಟಿ ಹೊಡೆಯುವುದೇ ಚಿತ್ರದ ಜೀವಾಳ. ಆ ಶಾರ್ಕಿನ ಪಿತ್ತಜನಕಾಂಗದ ಎಣ್ಣೆಯಿಂದ ಹಿಂದೆ ದೀಪ ಉರಿಸುತ್ತಿದ್ದರು. ಆದರೆ ಫ್ಲಾಹರ್ಟಿ ಹೋಗುವ ಎಷ್ಟೋ ಕಾಲ ಮುಂಚೆಯೇ ಆ ಬೇಟೆ ನಿಂತುಹೋಗಿತ್ತು. ಈಟಿ ಹಿಡಿಯುವುದು ಹೇಗೆ, ಹಗ್ಗ ಬಿಡುವುದು ಹೇಗೆ ಅಂತ ಅಲ್ಲಿನ ಗಂಡಸರಿಗೇ ಗೊತ್ತಿರಲಿಲ್ಲ. ಸಿನಿಮಾಕ್ಕಾಗಿ ಅವರಿಗೆ ಹೊಸದಾಗಿ ಕಲಿಸಬೇಕಾಯಿತು. ತೆರೆಯ ಮೇಲಿನ ಅಪ್ಪ, ಅಮ್ಮ, ಮಗ ಕೂಡ ನಿಜವಾಗಿ ಒಂದು ಮನೆಯವರಲ್ಲ. ಇಷ್ಟಾದರೂ ಆ ಚಿತ್ರ ನೋಡಲೇಬೇಕು. ಯಾಕೆಂದರೆ ದೋಣಿಯ ಹುಟ್ಟು ಹಾಕುವ ಕೈ ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು. ಮನೆಯೆತ್ತರದ ಅಲೆಯಲ್ಲಿ ದೋಣಿಯ ಮೂತಿಯನ್ನು ಅಲೆಗೆ ನೇರ ಹಿಡಿಯುತ್ತಾರೆ, ಅಡ್ಡ ತಿರುಗಿದರೆ ಮಗುಚುತ್ತದೆ. ಅಲ್ಲಿ ಈಟಿಯ ಕೈ ಬಿಡಿ, ಹುಟ್ಟಿನ ಕೈ ನೋಡಿ.

ಹೊತ್ತು ಮೀರುತ್ತಿದೆ, ಬೇಗ ಹೇಳುತ್ತೇನೆ. 1958ರ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ಯಲ್ಲಿ ಮುದುಕನಾಗಿ ನಟಿಸಿದ ಸ್ಪೆನ್ಸರ್ ಟ್ರೇಸಿಯ ಸಮುದ್ರ ಬಹುಪಾಲು ಸ್ಟುಡಿಯೋ ತೊಟ್ಟಿಯದು, ನೋಡಿದರೆ ತಿಳಿಯುತ್ತದೆ. ಆದರೆ ಒಂದು ವಿಷಯ ಸರಿಯಿದೆ. ಮುದುಕ ದಾರವನ್ನು ದೋಣಿಗೆ ಕಟ್ಟುವುದಿಲ್ಲ, ಬೆನ್ನಿಗೆ ಅಡ್ಡ ಹಾಕಿ ಹಿಡಿಯುತ್ತಾನೆ. ಕಟ್ಟಿದರೆ ಒಂದೇ ಎಳೆತಕ್ಕೆ ದಾರ ತುಂಡು. ದೊಡ್ಡ ಬಾಳೆಮೀನು ಗಾಳಕ್ಕೆ ಬಿದ್ದಾಗ ನೀವೂ ದಾರ ಬಿಡುತ್ತಾ ಹಿಡಿಯುತ್ತಾ ದಣಿಸುತ್ತೀರಲ್ಲ, ಅದೇ. ರಾಮು ಕಾರ್ಯಾಟ್ ಅವರ 1965ರ ಮಲಯಾಳಂ ‘ಚೆಮ್ಮೀನ್’ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆದ ಚಿತ್ರ. ಒಂಟಿಯಾಗಿ ಕಡಲಿಗಿಳಿದ ಮೀನುಗಾರ ಪಳನಿಯ ಗಾಳಕ್ಕೆ ಶಾರ್ಕ್ ಬೀಳುವ ಕೊನೆಯ ಭಾಗವನ್ನಂತೂ ಬಿಡಬೇಡಿ.

ನಮ್ಮ ಹತ್ತುಮೀನಿನ ಬೇಟೆಯನ್ನು ಯಾರಾದರೂ ಸಿನಿಮಾ ಮಾಡುವುದಾದರೆ ಒಂದು ವಿನಂತಿ. ಮೊದಲ ಮಳೆಗೆ ಗದ್ದೆಯತ್ತ ಹತ್ತುವ ಮೀನಿಗೆ ಕೂಣಿಯ, ಅಂದರೆ ಮೀನು ಹಿಡಿಯುವ ಬುಟ್ಟಿಯ, ಬಾಯಿ ತಗ್ಗಿನ ಕಡೆಗಿರಬೇಕು, ಇಳಿಯುವ ಮೀನಿಗೆ ಮೇಲಿನ ಕಡೆಗೆ. ತಿರುಗುಮುರುಗು ಇಟ್ಟು ಚಿತ್ರ ತೆಗೆಯಬೇಡಿ. ಅದನ್ನು ಇಡುವ ಕೈಯನ್ನು ಒಂದೇ ಶಾಟಿನಲ್ಲಿ, ಕತ್ತರಿಸದೆ ತೋರಿಸಿ. ನಮಸ್ಕಾರ.