10 ಕಿಲೋಮೀಟರ್ ಗ್ವಾಡಿ, ಪಟ್ಟಿಯಾಗ ಹೆಸರಿಲ್ಲ

ನಮಸ್ಕಾರ್ರಿ ಎಲ್ಲಾರಿಗೂ.

ಹೋದ ವಾರ ನಮ್ಮ ಅಣ್ಣನ ಮಗ ಮೊಬೈಲ್ ಹಿಡ್ಕೊಂಡು ಬಂದ. ಎಂಟನೇ ಕ್ಲಾಸ್ ಓದ್ತಾನ. "ಕಾಕಾ, ಜಗತ್ತಿನಾಗ ಎಲ್ಲಾಕಿಂತ ದೊಡ್ಡ ಕೋಟೆ ಪೋಲೆಂಡ್‌ನಾಗ ಐತಂತ. ನಮ್ಮದು ಎಷ್ಟನೇದು?" ಅಂದ. ಇಬ್ಬರೂ ಕೂಡಿ ಪಟ್ಟಿ ಪೂರಾ ನೋಡಿದ್ವಿ. ಪೋಲೆಂಡಿನ ಮಾಲ್ಬೋರ್ಕ್ ಇತ್ತು, ಪ್ರಾಗ್ ಇತ್ತು, ವಿಂಡ್ಸರ್ ಇತ್ತು, ರಾಜಸ್ಥಾನದ್ದು ಒಂದೆರಡು ಇದ್ವು. ವಿಜಯಪುರ ಇರಲಿಲ್ಲ. ಆ ಹುಡುಗ ಹುಟ್ಟಿ ಬೆಳದದ್ದು ಕೋಟೆ ಒಳಗ. ದಿನಾ ಸಾಲಿಗೆ ಹೋಗೂ ಮುಂದ ಒಂದು ಅಗಸಿ ದಾಟತಾನ. ಅವನ ಮಾರಿ ಸಣ್ಣದಾಗಿದ್ದು ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಅದಕ್ಕ ಇವತ್ತು ಈ ಮಾತು.

ಪಟ್ಟಿ ಸುಳ್ಳಲ್ರಿ. ಅವರ ಅಳತಿ ಬ್ಯಾರೆ. ಯುರೋಪಿನಾಗ ಕ್ಯಾಸಲ್ ಅಂದ್ರ ದೊರಿ ಇರೋ ಮನಿ, ಸುತ್ತ ಗ್ವಾಡಿ ಕಟ್ಟಿದ ಮನಿ. ಮಾಲ್ಬೋರ್ಕ್ ಹಂಗ ಕಟ್ಟಿದ್ದು. ಟ್ಯೂಟಾನಿಕ್ ಅನ್ನೋ ಕ್ರೈಸ್ತ ಯೋಧರ ಪಂಥದವರು ಇಟ್ಟಂಗಿಯಿಂದ ಕಟ್ಟಿದ್ದು, ಸುಮಾರು 14 ಹೆಕ್ಟೇರ್, ಅಂದ್ರ 35 ಎಕರೆ. ನಮ್ಮ ಕಡೆ ಮೂರು ನಾಕು ಮಂದಿ ರೈತರ ಹೊಲ ಕೂಡಿಸಿದ್ರ ಅಷ್ಟಾಗತೈತಿ. ಪ್ರಾಗ್ ಕೋಟೆ ಈ ತುದಿಯಿಂದ ಆ ತುದಿಗೆ ಸುಮಾರು 570 ಮೀಟರ್. ವಿಂಡ್ಸರ್ 13 ಎಕರೆ. ಚಂದ ಅದಾವ, ದೊಡ್ಡವೂ ಅದಾವ, ಇಲ್ಲ ಅನ್ನಂಗಿಲ್ಲ.

ಈಗ ನಮ್ಮದು ನೋಡ್ರಿ. ನಮ್ಮಲ್ಲೆ ಸುಲ್ತಾನನ ಮನಿ ಇರೋದು ಆರ್ಕಿಲ್ಲಾದಾಗ, ಅದು ಒಳಗಿನ ಕೋಟೆ. ಅದರ ಹೊರಗಿನ ದೊಡ್ಡ ಗ್ವಾಡಿ ಯಾರ ಸಲುವಾಗಿ? ಊರಿನ ಸಲುವಾಗಿ. ನೇಕಾರರು, ಗಾಣದವರು, ವ್ಯಾಪಾರದವರು, ಎಲ್ಲಾರೂ ಅದರ ಒಳಗ. ಸುತ್ತಳತಿ ಸುಮಾರು 10 ಕಿಲೋಮೀಟರ್. ಎತ್ತರ 30 ಅಡಿಯಿಂದ 50 ಅಡಿ, ದಪ್ಪ ಸರಾಸರಿ 25 ಅಡಿ. 96 ಬುರುಜು, ಐದು ದೊಡ್ಡ ಅಗಸಿ: ಮಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇ. ಹೊರಗ 40-50 ಅಡಿ ಅಗಲದ ಕಂದಕ. ಮನಿ ಅಳಿಯೋ ಪಟ್ಟಿಯಾಗ ಊರಿಗೆ ಜಾಗ ಎಲ್ಲಿಂದ ಬರಬೇಕು?

ಊರ ಗ್ವಾಡಿ ಲೆಕ್ಕಾ ಹಿಡದ್ರೂ ನಾವು ಮೊದಲನೇದವರಲ್ಲ, ಅದನ್ನೂ ಹೇಳಬೇಕು. ಚೀನಾದ ನಾನ್‌ಜಿಂಗ್ ಗ್ವಾಡಿ ಕಟ್ಟಿದಾಗ 35 ಕಿಲೋಮೀಟರ್ ಇತ್ತು. ರಾಜಸ್ಥಾನದ ಕುಂಭಲಗಡದ್ದು 36 ಅಂತಾರ. ಆ ಹುಡುಗಗೂ ಇದನ್ನ ಹೇಳಿದೆ. ಎಷ್ಟನೇ ನಂಬರ ಅನ್ನೋದಕ್ಕಿಂತ ಆ ಗ್ವಾಡಿ ಹೆಂಗ ಎದ್ದಿತು, ಒಳಗ ಮಂದಿ ಹೆಂಗ ಬದುಕಿದ್ರು, ಅದನ್ನ ಕೇಳು ಅಂದೆ.

ಗ್ವಾಡಿ ಮುಗದದ್ದು 1565ರ ಸುಮಾರಿಗೆ, ಸುಲ್ತಾನ ಒಂದನೇ ಅಲಿ ಆದಿಲ್ ಶಾಹನ ಕಾಲಕ್ಕ. ತಾಳಿಕೋಟೆ ಯುದ್ಧದ ವರ್ಷ. ಆತ ಇಷ್ಟು ಉದ್ದ ಗ್ವಾಡಿ ಒಬ್ಬನ ಕೈಯಾಗ ಕೊಡಲಿಲ್ಲ. ಸರದಾರರಿಗೆ ಒಂದೊಂದು ತುಂಡು ಹಂಚಿಬಿಟ್ಟ, ನಿನ್ನ ಪಾಲು ನೀ ಕಟ್ಟು ಅಂತ. ಇದು ಪುಸ್ತಕದ ಮಾತಲ್ಲ, ಗ್ವಾಡಿ ಬಾಜೂಕ ನಡದ್ರ ಕಣ್ಣಿಗೇ ಕಾಣತೈತಿ. ಒಂದು ಬುರುಜಿನ ಕಲ್ಲು ಎಷ್ಟು ನುಣುಪು ಕೂಡಿಸ್ಯಾರಂದ್ರ ಸಂದಿನಾಗ ಉಗುರ ಹೋಗಂಗಿಲ್ಲ. ಮುಂದಿಂದು ನೋಡಿದ್ರ ಒರಟು ಕಲ್ಲು, ನಡುವ ಬೊಗಸೆಗಟ್ಟಲೆ ಗಚ್ಚು. ಒಬ್ಬ ಸರದಾರ ಮನಸಿಟ್ಟು ಕಟ್ಟಿಸ್ಯಾನ, ಒಬ್ಬಂಗ ಅವಸರ ಇತ್ತೋ ರೊಕ್ಕ ಕಡಿಮಿ ಇತ್ತೋ. 450 ವರ್ಷ ಆದ್ರೂ ಅವರ ಕೆಲಸದ ಗುರುತು ಹಂಗ ಉಳದೈತಿ. ನನಗ ಇದಕ್ಕಿಂತ ದೊಡ್ಡ ಬೆರಗು ಯಾವ ಅರಮನಿಯಾಗೂ ಸಿಕ್ಕಿಲ್ಲ.

ಇನ್ನ ನೀರು. ಬಿಸಿಲ ನಾಡಿನಾಗ ಇಷ್ಟು ಮಂದೀನ ಗ್ವಾಡಿ ಒಳಗ ಇಟ್ಕೊಂಡ್ರ ಕುಡ್ಯಾಕ ಏನ್ ಕೊಡ್ತೀರಿ? ತೊರವಿ ಕಡಿಯಿಂದ ನೆಲದೊಳಗ ಸುರಂಗ ಕೊರದು ನೀರು ತಂದ್ರು. ಬೇಗಂ ತಲಾಬ ಕೆರಿಯಿಂದ ಮಣ್ಣಿನ ಕೊಳವಿ ಹಾಕಿದ್ರು. ಕೊಳವಿ ಒತ್ತಡಕ್ಕ ಒಡೀಬಾರದು ಅಂತ ದಾರ್ಯಾಗ ಅಲ್ಲಲ್ಲೆ ಕಲ್ಲಿನ ಗೋಪುರ ಕಟ್ಟಿದ್ರು. ಅವನ್ನ ಗಂಜ್ ಅಂತೀವಿ, ಇವತ್ತೂ ಓಣಿಯಾಗ ನಿಂತಾವ. ಮಕ್ಕಾ ಅಗಸಿ ಹತ್ರ 1620ರಾಗ ತಾಜ್ ಬಾವಡಿ ಅನ್ನೋ ದೊಡ್ಡ ಬಾವಿ ಆತು. 1685ರಾಗ ಔರಂಗಜೇಬನ ಸೈನ್ಯ ಬಂದು ಮುತ್ತಿಗಿ ಹಾಕಿದ್ರ, ಊರು ಬಗ್ಗಾಕ ವರ್ಷದ ಮ್ಯಾಲ ಹಿಡೀತು. ಕಡೀ ಸುಲ್ತಾನ ಸಿಕಂದರ್ ಆದಿಲ್ ಶಾಹ ಸೋತದ್ದು 1686ರ ಸೆಪ್ಟೆಂಬರಿನಾಗ. ಗ್ವಾಡಿ ಅಷ್ಟು ದಿನ ತಡದದ್ದು ಕಲ್ಲಿನಿಂದ ಅಷ್ಟೇ ಅಲ್ರಿ, ಒಳಗಿನ ನೀರಿನಿಂದನೂ.

ಮುಂಜಾನೆ ಏಳಕ್ಕ ಶೆರ್ಜಾ ಬುರುಜು ಹತ್ತಿ ಮಲಿಕ್-ಎ-ಮೈದಾನ ತೋಪಿನ ಮ್ಯಾಲ ಕೈ ಇಡ್ರಿ. ತಣ್ಣಗ ಇರತೈತಿ. ಬಾಯಿ ಕಡೆ ಬಂದ್ರ ಸಿಂಹದ ಕ್ವಾರಿಹಲ್ಲು, ಹಲ್ಲಿನ ನಡುವ ಸಿಕ್ಕೊಂಡ ಆನಿ. 1549ರಾಗ ಅಹಮದನಗರದಾಗ ಎರಕ ಹೊಯ್ದ ತೋಪು, 55 ಟನ್. ಬ್ರಿಟಿಷರ ಕಾಲಕ್ಕ, 1854ರಾಗ, ಇದನ್ನ 150 ರೂಪಾಯಿಗೆ ಹರಾಜು ಹಾಕಿದ್ರು. ಕಡೀಕ ಆ ಹರಾಜು ರದ್ದಾತು, ಉಳೀತು. ಆ ರದ್ದು ಮಾಡಿದ ಒಂದು ಸಹಿ ಬಿದ್ದಿರದಿದ್ರ ಅದು ಕರಗಿ ಏನೇನೋ ಆಗಿರತಿತ್ತು. ಅದನ್ನ ನೆನಸಿದಾಗೊಮ್ಮೆ ನನ್ನ ಎದಿ ಝಲ್ ಅಂತೈತಿ.

ಯಾಕಂದ್ರ ಗ್ವಾಡಿಗೆ ಅಂಥ ಕಾಳಜಿ ಇನ್ನೂ ಪೂರಾ ಸಿಕ್ಕಿಲ್ಲ. ಮಾಲ್ಬೋರ್ಕ್ 1945ರ ಯುದ್ಧದಾಗ ಅರ್ಧಕ್ಕಿಂತ ಹೆಚ್ಚು ಹಾಳಾಗಿತ್ತು. ಪೋಲೆಂಡಿನವರು ಹತ್ತಾರು ವರ್ಷ ಇಟ್ಟಂಗಿ ಮ್ಯಾಲ ಇಟ್ಟಂಗಿ ಇಟ್ಟು ಎಬ್ಬಿಸಿದ್ರು. ಚೀನಾದ ಶಿಆನ್‌ನಾಗ 13 ಕಿಲೋಮೀಟರಿಗಿಂತ ಉದ್ದದ ಗ್ವಾಡಿ ಮ್ಯಾಲ ಮಂದಿ ಸೈಕಲ್ ಹೊಡೀತಾರ. ನಮ್ಮಲ್ಲೆ ಯಾವ ಬಾಂಬೂ ಬಿದ್ದಿಲ್ಲ. ಆದ್ರೂ ಬುರುಜಿನ ನೆತ್ತಿಯಾಗ ಅರಳಿ ಗಿಡ ಬೇರು ಬಿಟ್ಟು ಕಲ್ಲು ಸೀಳಾಕತ್ತೈತಿ, ಕಂದಕದಾಗ ಕಸ ಬೀಳತೈತಿ. ಗ್ವಾಡಿಗೆ ಆತು ಮನಿ ಕಟ್ಕೊಂಡ ಬಡವರನ್ನ ನಾ ಬೈಯಂಗಿಲ್ಲ. ಕೋಟೆ ಕಟ್ಟಿದ್ದೇ ಮಂದಿ ಒಳಗ ಇರಲಿ ಅಂತ. ಅವರಿಗೆ ಬ್ಯಾರೆ ಸೂರು ಕೊಡದ ಎಬ್ಬಸೂದು ತಪ್ಪು.

ನಾ ಬೇಡೂದು ದೊಡ್ಡದಲ್ಲ. ಕಂದಕದ ದಂಡಿಗುಂಟ ಒಂದು ಕಾಲುದಾರಿ, ಮಕ್ಕಾ ಅಗಸಿಯಿಂದ ಹೊರಟು ತಿರುಗಿ ಅಲ್ಲೇ ಬರೂವಂಗ. ಒಂದೊಂದು ಬುರುಜಿಗೆ ಒಂದು ಕಲ್ಲು, ಕನ್ನಡದಾಗ ನಂಬರ, ಹೆಸರು ಗೊತ್ತಿದ್ರ ಹೆಸರು. ವರ್ಷಕ್ಕ ಎರಡು ಸಲ, ಬೇರು ದಪ್ಪ ಆಗೂದರೊಳಗ, ಗಿಡ ಕೀಳೂದು. ಇಷ್ಟಾದ್ರ, ಗೋಳಗುಮ್ಮಟ ನೋಡಿ ಅರ್ಧ ದಿನಕ್ಕ ವಾಪಸ್ ಹೋಗೂ ಪ್ರವಾಸಿಗರು ಒಂದು ರಾತ್ರಿ ನಮ್ಮೂರಾಗ ಉಳೀತಾರ, ಜೋಳದ ರೊಟ್ಟಿ ಉಂಡು ಹೋಗ್ತಾರ.

ಮೊನ್ನೆ ರವಿವಾರ ಹುಡುಗನ ಕರ್ಕೊಂಡು ನಡ್ಯಾಕ ಸುರು ಮಾಡೀನಿ. ವಹಿಯಾಗ ಬುರುಜು ಎಣಿಸಿ ಬರ್ಕೋತಾನ, ಯಾವುದು ನುಣುಪು, ಯಾವುದು ಒರಟು, ಎಲ್ಲಿ ಗಿಡ ಎದ್ದೈತಿ. ಹನ್ನೊಂದು ಆಗ್ಯಾವ. ಬರೋ ರವಿವಾರ ಮುಂಜಾನೆ ಆರಕ್ಕ ಶಹಾಪುರ ಅಗಸಿ ಹತ್ರ ಇರ್ತೀವಿ, ಬರೋರು ನೀರಿನ ಬಾಟ್ಲಿ ತುಗೊಂಡು ಬರ್ರಿ.