ಗಾಡಿ ಎತ್ತಿಸಿ, ಹೊಟ್ಟೆ ನೋಡಿ

ನಮಸ್ಕಾರ. ಧಾರವಾಡ ಆಕಾಶವಾಣಿಯವರು ನನಗೆ ಕೊಟ್ಟಿರುವ ವಿಷಯ, ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ಏನೇನು ನೋಡಬೇಕು ಅಂತ. ಏನೇನು ಅಂತ ಹೇಳುತ್ತಾ ಕೂತರೆ ವಾರ್ತೆಯ ಹೊತ್ತೂ ನನಗೇ ಬೇಕಾಗುತ್ತದೆ. ಅದಕ್ಕೇ ಒಂದೇ ಮಾತು ಹಿಡಿದುಕೊಂಡು ಬಂದಿದ್ದೇನೆ. ದುಡ್ಡು ಕೊಡುವ ಮೊದಲು ಗಾಡಿ ಎತ್ತಿಸಿ, ಹೊಟ್ಟೆ ನೋಡಿ.

ನಾನು ಮೋಟಾರು ವಿಮೆಯ ಸರ್ವೇಯರ್. ಅಂದರೆ ನಿಮ್ಮ ಗಾಡಿ ಎಲ್ಲಾದರೂ ಗುದ್ದಿದಾಗ ಬಂದು, ಫೋಟೋ ಹೊಡೆದು, ಇದಕ್ಕೆ ಇಷ್ಟು ಕೊಡಬಹುದು, ಇದಕ್ಕೆ ಬರುವುದಿಲ್ಲ ಎಂದು ಬರೆದು, ನಿಮ್ಮಿಂದ ಬೈಸಿಕೊಂಡು ಹೋಗುವವನು. ಹುಬ್ಬಳ್ಳಿ-ಧಾರವಾಡ ಬೈಪಾಸ್ ಎರಡೇ ಲೇನ್ ಇದ್ದಾಗ ನನ್ನ ಅರ್ಧ ಸಂಸಾರ ಆ ರಸ್ತೆಯಲ್ಲೇ ನಡೆದಿದೆ ಎನ್ನಬಹುದು. ಜಜ್ಜಿಹೋದ ಗಾಡಿಗಳು ಆಮೇಲೆ ಎಲ್ಲಿಗೆ ಹೋಗುತ್ತವೆ, ಯಾವ ಬಣ್ಣ ಬಳಿದುಕೊಂಡು ವಾಪಸ್ ಬರುತ್ತವೆ ಅನ್ನುವುದೂ ಗೊತ್ತಿದೆ.

2020ರ ಜನವರಿಯಲ್ಲಿ ಟಾಟಾದವರ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿ ಬಂತಲ್ವಾ, ಅಲ್ಲಿಂದ ಈಚೆಗೆ ನಮ್ಮಂಥ ಸಾಮಾನ್ಯ ಜನವೂ ಬ್ಯಾಟರಿ ಕಾರು ಕೊಳ್ಳಲು ಶುರು ಮಾಡಿದರು. ಆಗ ಕೊಂಡವರು ಈಗ ಮಾರುತ್ತಿದ್ದಾರೆ. ಪುಣೆಯ ಎಂಎಚ್ 12, ಬೆಂಗಳೂರಿನ ಕೆಎ 03, ಎಲ್ಲಾ ನಂಬರಿನವೂ ಇಲ್ಲಿಗೆ ಬರುತ್ತಿವೆ. ಕೊಳ್ಳುವವರು ಕೇಳುವ ಪ್ರಶ್ನೆ ಮಾತ್ರ ಒಂದೇ. "ಒಂದ್ ಚಾರ್ಜಿಗೆ ಎಷ್ಟು ಓಡ್ತದ್ರೀ?" ಅದನ್ನು ಕೇಳಬೇಡಿ ಅನ್ನುವುದಿಲ್ಲ. ಆದರೆ ಅದೊಂದನ್ನೇ ಕೇಳಿ, ಸೀಟಿನ ಕವರ್ ಮುಟ್ಟಿ ನೋಡಿ, ಹಾಡು ಹಚ್ಚಿ ನೋಡಿ, ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಇದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಪೆಟ್ರೋಲ್ ಗಾಡಿಯ ಹೊಟ್ಟೆಗೆ ಕಲ್ಲು ಬಡಿದರೆ ಏನಾಗುತ್ತದೆ? ಎಂಜಿನ್ನಿನ ಕೆಳಗಿನ ಆಯಿಲ್ ತಟ್ಟೆ ಒಡೆಯುತ್ತದೆ, ಆಯಿಲ್ ಸೋರುತ್ತದೆ, ನೆಲದ ಮೇಲೆ ಕರಿ ಕಲೆ ಬೀಳುತ್ತದೆ, ಗಾಡಿ ತಾನೇ ಬಾಯಿಬಿಟ್ಟು ಹೇಳುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಹಾಗಲ್ಲ. ಹೊಟ್ಟೆಯ ಉದ್ದಕ್ಕೂ ಗಾದಿ ಹಾಸಿದ ಹಾಗೆ ಬ್ಯಾಟರಿ ಇರುತ್ತದೆ, 200-300 ಕಿಲೋ ತೂಕದ್ದು. ಮನೆಯ ಕರೆಂಟು 230 ವೋಲ್ಟ್ ಆದರೆ ಬಹಳಷ್ಟು ಕಾರುಗಳಲ್ಲಿ ಇದು 300 ದಾಟುತ್ತದೆ. ಒಳಗೆ ನೂರಾರು ಸೆಲ್. ಒಂದೊಂದು ಸೆಲ್ಲಿನ ಒಳಗೂ ಪ್ಲಸ್ಸನ್ನೂ ಮೈನಸ್ಸನ್ನೂ ಬೇರೆ ಬೇರೆ ಇಡುವುದು ತಲೆಗೂದಲಿಗಿಂತ ತೆಳುವಾದ ಒಂದು ಪರದೆ. ಕೆಳಗಿನಿಂದ ಪೆಟ್ಟು ಬಿದ್ದು ಆ ಪರದೆ ನುಗ್ಗಾದರೂ ಎಷ್ಟೋ ಸಲ ಹೊರಗೆ ಏನೂ ಸೋರುವುದಿಲ್ಲ, ಏನೂ ಸದ್ದಾಗುವುದಿಲ್ಲ. ಗಾಡಿ ಸುಮ್ನೆ ಓಡುತ್ತಿರುತ್ತದೆ. ಇಡೀ ಕಾರಿನಲ್ಲಿ ಬ್ಯಾಟರಿಗಿಂತ ದುಬಾರಿ ಸಾಮಾನು ಇನ್ನೊಂದಿಲ್ಲ.

ಗದಗಿನ ನಮ್ಮ ಮಾಸ್ತರ ಕಥೆ ಹೇಳುತ್ತೇನೆ. ಹೆಸರು ಬೇಡ, ಅವರೂ ಈಗ ರೇಡಿಯೋ ಮುಂದೆ ಕೂತಿರುತ್ತಾರೆ. ರಿಟೈರ್ ಆದ ದುಡ್ಡಿನಲ್ಲಿ ಮೂರು ವರ್ಷ ಹಳೆಯ ಒಂದು ಎಲೆಕ್ಟ್ರಿಕ್ ಕಾರು ತಂದರು, ಪುಣೆಯದ್ದು, 7 ಲಕ್ಷಕ್ಕೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಕಂಪನಿಯ ತಪ್ಪು ಇದರಲ್ಲಿ ಏನೂ ಇಲ್ಲ. ವೀರನಾರಾಯಣ ಗುಡಿ ಮುಂದೆ ಪೂಜೆ ಮಾಡಿಸಿ, ಗಾಲಿಗೆ ನಿಂಬೆಹಣ್ಣಿಟ್ಟು, ನನಗೆ ಫೋನ್ ಮಾಡಿದರು. ನಾನು ಕೇಳಿದೆ, "ಆಕ್ಸಿಡೆಂಟ್ ಆಗಿತ್ತೇನ್ರೀ ಮಾಸ್ತರ?" "ಸಣ್ಣ ಟಚ್ ಆಗಿತ್ತಂತ್ರೀ. ಬರೇ ಬಂಪರ್ ಬದ್ಲಿ ಮಾಡ್ಯಾರಂತ." "ಹೊಟ್ಟಿ ನೋಡೀರೇನು?" "ಕಾರಿಗೆ ಎಲ್ಲೈತ್ರೀ ಹೊಟ್ಟಿ!" ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. ಅಷ್ಟೊತ್ತಿಗೆ ದುಡ್ಡು ಕೊಟ್ಟಾಗಿತ್ತು.

ಎರಡು ತಿಂಗಳು ಏನೂ ಆಗಲಿಲ್ಲ. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ರಾತ್ರಿಯೆಲ್ಲಾ ನಿಧಾನಕ್ಕೆ ಚಾರ್ಜ್ ಆಗುವುದು, ಹಗಲು ಊರಲ್ಲಿ ಓಡಾಡುವುದು. ಆಮೇಲೆ ದಾವಣಗೆರೆಯಲ್ಲಿರುವ ಮಗಳ ಮನೆಗೆ ಹೊರಟರು, ಗಂಡ-ಹೆಂಡತಿ ಇಬ್ಬರೂ, ಡಿಕ್ಕಿಯಲ್ಲಿ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ. ರಾಣೆಬೆನ್ನೂರಿನ ಹತ್ತಿರ ಹೈವೇ ಬದಿಯ ಫಾಸ್ಟ್ ಚಾರ್ಜರಿಗೆ ಹಚ್ಚಿದರು. ಆ ಗಾಡಿಗೆ ಅದು ಅವರ ಕೈಯಲ್ಲಿ ಮೊದಲ ಫಾಸ್ಟ್ ಚಾರ್ಜ್. ಎಂಟು ನಿಮಿಷಕ್ಕೆ ನಿಂತಿತು. ಮತ್ತೆ ಹಚ್ಚಿದರು, ಮತ್ತೆ ನಿಂತಿತು. ಮೂರನೇ ಸಲ ಮೀಟರಿನಲ್ಲಿ ಕೆಂಪು ದೀಪ ಬಂತು, ಗಾಡಿ ಅಲುಗಲೇ ಇಲ್ಲ. ನಾನು ಊಟಕ್ಕೆ ಕೂತಿದ್ದೆ, ಫೋನ್ ಬಂತು. "ಸರ, ಇದು ಸತ್ತಂಗಾಗೇತಿ ನೋಡ್ರಿ."

ಟೋ ಮಾಡಿಸಿ ಹುಬ್ಬಳ್ಳಿಗೆ ತಂದರು, ಗೋಕುಲ ರಸ್ತೆಯ ಒಂದು ಗ್ಯಾರೇಜಿಗೆ. ಲಿಫ್ಟಿಗೆ ಏರಿಸಿದೆವು. ನಾನು ಬ್ಯಾಟರಿ ಬಿಟ್ಟೆ, ಅಂದರೆ ಕೈಯಲ್ಲಿದ್ದ ಟಾರ್ಚು. ಹೊಟ್ಟೆ ಮಿರಮಿರ ಮಿಂಚುತ್ತಿತ್ತು, ಹೊಸ ಕಪ್ಪು ಪೇಂಟ್. ಮೂರು ವರ್ಷ ಓಡಿದ ಗಾಡಿಯ ಹೊಟ್ಟೆ ಮಿಂಚಬಾರದು ಸ್ವಾಮಿ! ಕೆಸರು ಇರಬೇಕು, ಗೀರು ಇರಬೇಕು, ಜಲ್ಲಿ ಬಡಿದ ಚುಕ್ಕೆ ಇರಬೇಕು. ಮಿಂಚಿದರೆ ಯಾರೋ ಏನನ್ನೋ ಮುಚ್ಚಿದ್ದಾರೆ ಅಂತ ಅರ್ಥ. ಕೆಳಗಿನ ತಗಡು ಬಿಚ್ಚಿದರೆ ಹಿಂದೆ ಬ್ಯಾಟರಿ ಪೆಟ್ಟಿಗೆಗೆ ಮೊಳದುದ್ದ ತಗ್ಗು. ಪೆಟ್ಟಿಗೆಯ ಅಂಚಿನ ಸುತ್ತ ಬಿಳಿ ಸಿಲಿಕಾನ್, ಬಚ್ಚಲಿನ ಟೈಲ್ಸಿಗೆ ಹಚ್ಚುತ್ತೀವಲ್ಲ, ಅದೇ. ಬೋಲ್ಟುಗಳಲ್ಲಿ ಏಳು ಹೊಸವು, ಉಳಿದವುಗಳ ಮೂಲೆ ಪಾನಾ ಜಾರಿ ಸವೆದಿದ್ದವು. ಕಂಪನಿಯವರು ಬಂದು ಒಳಗೆ ನೋಡಿದಾಗ ಬ್ಯಾಟರಿ ತಣ್ಣಗಿಡುವ ಅಲ್ಯೂಮಿನಿಯಂ ತಟ್ಟೆ ನುಗ್ಗಾಗಿ ಕೂಲೆಂಟ್, ಅಂದರೆ ತಂಪು ಮಾಡುವ ದ್ರವ, ಜಿನುಗಿತ್ತು, ತಾಮ್ರದ ಪಟ್ಟಿಯ ಮೇಲೆ ಹಸಿರು-ಬಿಳಿ ಜಂಗು ಹೂವಿನಂತೆ ಎದ್ದಿತ್ತು. ಮನೆಯ ಪ್ಲಗ್ಗಿನಲ್ಲಿ ಬ್ಯಾಟರಿ ಜಾಸ್ತಿ ಬಿಸಿಯಾಗುವುದಿಲ್ಲ, ಅದಕ್ಕೇ ಎರಡು ತಿಂಗಳು ರೋಗ ಅಡಗಿಕೊಂಡಿತ್ತು.

ವಾರಂಟಿ? ಬಹಳ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ, ಏಜೆಂಟ್ ಅದನ್ನೇ ತೋರಿಸಿ ಮಾರಿದ್ದ. ಆದರೆ ಪೆಟ್ಟು ಬಿದ್ದ, ಹೊರಗಿನವರು ಬಿಚ್ಚಿದ ಬ್ಯಾಟರಿಗೆ ವಾರಂಟಿ ಸಿಗುವುದಿಲ್ಲ. ಹಳೆಯ ವಿಮೆ ಕಾಗದದ ನಂಬರ್ ಹಿಡಿದು ನಾನೇ ಫೋನ್ ಹಚ್ಚಿದೆ. ಸಣ್ಣ ಟಚ್ ಅಂದರಲ್ಲ, ಅದು ಡಿವೈಡರ್ ಹತ್ತಿ ಇಳಿದು ಟೋಟಲ್ ಲಾಸ್ ಆಗಿದ್ದ ಗಾಡಿ. ರಿಪೇರಿ ಖರ್ಚು ಗಾಡಿಯ ವಿಮಾ ಬೆಲೆಯ, ಅಂದರೆ ಐಡಿವಿಯ, 75 ಪರ್ಸೆಂಟ್ ದಾಟಿದರೆ ನಾವು ಟೋಟಲ್ ಲಾಸ್ ಅಂತ ಬರೆಯುತ್ತೇವೆ. ಬ್ಯಾಟರಿಗೆ ಪೆಟ್ಟಾದರೆ ಲೆಕ್ಕ ಬೇಗ ಅಲ್ಲಿಗೆ ಮುಟ್ಟುತ್ತದೆ. ಆಮೇಲೆ ಆ ಗುಜರಿ ಹರಾಜಾಗುತ್ತದೆ. ಅದರ ಆರ್‌ಸಿ ರದ್ದಾಗಬೇಕು, ಆದರೆ ಕಾಗದದ ಸಮೇತ ಕೈ ಬದಲಾಗುವುದೂ ಉಂಟು. ನಮ್ಮ ಆರ್‌ಸಿಯ ಮೇಲೆ ಇದು ಗುದ್ದಿದ ಗಾಡಿ ಅಂತ ಎಲ್ಲೂ ಬರೆದಿರುವುದಿಲ್ಲ. ಕಾಗದ ಸ್ವಚ್ಛ ಇದೆ ಅಂತ ನಂಬಬೇಡಿ. ಹೊಟ್ಟೆ ನೋಡಿ.

ಅವತ್ತು ಲಿಫ್ಟಿನ ಕೆಳಗೆ ನಿಂತು ಮಾಸ್ತರ ಹೆಂಡತಿ ಒಂದು ಮಾತು ಅಂದರು. ಅಕ್ಕಾರು ಬೆಟಗೇರಿಯವರು, ನೇಕಾರರ ಮನೆತನ. "ಆರುನೂರು ರೂಪಾಯಿ ಸೀರೀನೂ ತಿರುವಿ ಹಿಂದಿನ ಮಗ್ಗಲ ನೋಡ್ತೀವ್ರೀ. ಏಳು ಲಕ್ಷದ್ದು ಇವ್ರು ಮ್ಯಾಲಿಂದ ಮ್ಯಾಲೆ ನೋಡಿ ತಂದಾರ." ಮಾಸ್ತರು ಮಾತಾಡಲಿಲ್ಲ. ನಾನೂ ಅಷ್ಟೇ.

ಒಂದು ಲೆಕ್ಕಕ್ಕೆ ಅವರ ಗಾಡಿ ನಿಂತಿದ್ದೇ ಒಳ್ಳೆಯದಾಯಿತು. 2011ರಲ್ಲಿ ಅಮೆರಿಕದ ಸರಕಾರದವರು ಷೆವರ್ಲೆ ವೋಲ್ಟ್ ಎಂಬ ಗಾಡಿಯನ್ನು, ಬ್ಯಾಟರಿ ಪೆಟ್ರೋಲ್ ಎರಡೂ ಇದ್ದದ್ದು, ಪರೀಕ್ಷೆಗೆಂದು ಕಂಬಕ್ಕೆ ಅಡ್ಡಲಾಗಿ ಗುದ್ದಿಸಿದರು. ಗುದ್ದಿಸಿ ಹೊರಗೆ ನಿಲ್ಲಿಸಿದರು. ಮೂರು ವಾರದ ಮೇಲೆ, ನಿಂತಲ್ಲೇ, ತಾನಾಗಿಯೇ ಹೊತ್ತಿಕೊಂಡಿತು, ಪಕ್ಕದ ಗಾಡಿಗಳನ್ನೂ ಸುಟ್ಟಿತು. ಬ್ಯಾಟರಿಗೆ ಪೆಟ್ಟಾಗಿ ಕೂಲೆಂಟ್ ಸೋರಿತ್ತು. ಕಂಪನಿ ಆಮೇಲೆ ಆ ಜಾಗವನ್ನು ಬಲಪಡಿಸಿತು, ಅದು ಬೇರೆ ಮಾತು. ಮೂರು ವಾರ ಅನ್ನುವುದನ್ನು ಮಾತ್ರ ನೆನಪಿಡಿ. ಮನೆಯ ಪಡಸಾಲೆಗೆ ಹತ್ತಿಕೊಂಡೇ ನಾವು ಗಾಡಿ ನಿಲ್ಲಿಸುವುದು, ಅಲ್ವಾ?

ಕಾಜಿನ ಆಚೆ ಮೇಡಂ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತ. ಕಥೆ ಉದ್ದವಾಯಿತು. ಬೇಗ ಬೇಗ ಹೇಳುತ್ತೇನೆ, ಪೆನ್ನು ಹಿಡಿದವರು ಬರೆದುಕೊಳ್ಳಿ.

ಲಿಫ್ಟ್ ಇರುವ ಯಾವ ಸರ್ವಿಸಿಂಗ್ ಅಂಗಡಿಯಾದರೂ ಸಾಕು. ಎತ್ತಿಸಲು ಮಾರುವವರು ಒಪ್ಪದಿದ್ದರೆ ಎದ್ದು ಬನ್ನಿ. ಹೊಸ ಪೇಂಟ್, ತಗ್ಗು, ಸಿಲಿಕಾನ್, ಬದಲಾದ ಬೋಲ್ಟ್ ನೋಡಿ. ಕಿತ್ತಳೆ ಬಣ್ಣದ ವೈರ್ ಕಂಡರೆ ಕಣ್ಣಲ್ಲಿ ಮಾತ್ರ ನೋಡಿ, ಕೈ ಹಚ್ಚಬೇಡಿ, ಅದು ಹೈ ವೋಲ್ಟೇಜ್. ಅದಕ್ಕೆ ಟೇಪ್ ಸುತ್ತಿದ್ದರೆ ಬೇಡವೇ ಬೇಡ. ಆಮೇಲೆ ಕಂಪನಿ ವರ್ಕ್‌ಶಾಪಿನಲ್ಲಿ ಬ್ಯಾಟರಿ ರಿಪೋರ್ಟ್ ಮತ್ತು ಇನ್ಸುಲೇಷನ್ ಪರೀಕ್ಷೆ, ಅಂದರೆ ಕರೆಂಟು ಗಾಡಿಯ ಮೈಗೆ ಸೋರುತ್ತಿದೆಯೇ ಅಂತ ನೋಡುವುದು, ಮಾಡಿಸಿ. 20 ಪರ್ಸೆಂಟಿನಿಂದ 80ರ ತನಕ ಫಾಸ್ಟ್ ಚಾರ್ಜ್ ಹಚ್ಚಿ ಪಕ್ಕದಲ್ಲೇ ಕೂತು ಚಹಾ ಕುಡಿಯಿರಿ, ನಡುವೆ ನಿಂತರೆ ಕಾರಣ ಕೇಳಿ. ವಿಮೆ ಕಾಗದದಲ್ಲಿ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ನೋಡಿ. ಮೂರು ವರ್ಷ ಒಬ್ಬರೇ ಇಟ್ಟುಕೊಂಡ ಗಾಡಿಗೆ ಅದು ಸೊನ್ನೆ ಇದ್ದರೆ ಕ್ಲೇಮ್ ಆಗಿರಬಹುದು. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೆಳಗಿನ ಚೀಟಿಯ ತಾರೀಖು ನೋಡಿ, ಒಂದೊಂದು ಬೆಲ್ಟಿಗೆ ಒಂದೊಂದು ವರ್ಷ ಇದ್ದರೆ ಗಾಡಿ ಗಟ್ಟಿಯಾಗಿಯೇ ಗುದ್ದಿರಬಹುದು. ಬಾಗಿಲು, ಬಂಪರ್ ಬದಲಾಗಿದ್ದರೆ ಹೆದರಬೇಡಿ, ಅದು ತಗಡು. ನಾನೂ ಎಲೆಕ್ಟ್ರಿಕ್ ಗಾಡಿಯನ್ನೇ ಓಡಿಸುತ್ತೇನೆ, ಅದೂ ಸೆಕೆಂಡ್ ಹ್ಯಾಂಡ್. ಎತ್ತಿಸಿ, ಹೊಟ್ಟೆ ನೋಡಿ ತಂದದ್ದು.

ಮಳೆಗಾಲದಲ್ಲಿ ನೀರು ಹೊಕ್ಕ ಗಾಡಿಗಳ ಬಗ್ಗೆ ಹೇಳಲು ಆಗಲೇ ಇಲ್ಲ, ಮತ್ತೊಮ್ಮೆ ಕರೆದರೆ ಬರುತ್ತೇನೆ. ಮಾಸ್ತರ ಕೇಸು ಗ್ರಾಹಕರ ಆಯೋಗದಲ್ಲಿದೆ, ಮುಂದಿನ ತಾರೀಖಿಗೆ ನಾನೂ ಗದಗಿಗೆ ಹೋಗಬೇಕು, ಆ ಏಳು ಬೋಲ್ಟಿನ ಫೋಟೋ ತಗೊಂಡು. ನಮಸ್ಕಾರ.