ಅಂಜಲ್ ತುಂಡಿನ ಹೆಸರು, ಬರೀ ನೀರಿನ ಟ್ಯೂಬು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಧಕ್ಕೆ ಎಂಬ ಮೀನು ಬಂದರಿನಲ್ಲಾಗಲಿ ಮಲ್ಪೆಯಲ್ಲಾಗಲಿ, ಇಡೀ ಮೀನು ಕಣ್ಣೆದುರಿಗಿದ್ದರೆ ಅದರ ಹೆಸರು ಹೇಳಲು ಯಾವ ಯಂತ್ರವೂ ಬೇಡ. ಬಂಗುಡೆ, ಬೂತಾಯಿ, ಕಾಣೆ, ಮಾಂಜಿ ಇವನ್ನೆಲ್ಲ ಮೀನು ಮಾರುವ ಅಕ್ಕ ಬುಟ್ಟಿಯ ಮೇಲಿನ ಗೋಣಿ ಸರಿಸುವಷ್ಟರಲ್ಲಿ ಗುರುತಿಸಿಬಿಡುತ್ತೇವೆ. ತೊಂದರೆ ಶುರುವಾಗುವುದು ತಲೆ, ಬಾಲ, ಚರ್ಮ ಎಲ್ಲ ಹೋಗಿ ಬಿಳಿ ತುಂಡು ಮಾತ್ರ ಉಳಿದಾಗ. ಅಂಜಲ್ ಅಂತ ಕೊಂಡ ತುಂಡು ಅಂಜಲೇ ಹೌದೋ? ಹೌದಾದರೂ ಯಾವ ಅಂಜಲ್? ಮೈಮೇಲೆ ಅಡ್ಡಪಟ್ಟೆ ಇರುವ ಸ್ಕಾಂಬೆರೊಮೋರಸ್ ಕಾಮರ್ಸನ್ ಒಂದು ಜಾತಿ, ಚುಕ್ಕೆ ಇರುವ ಸ್ಕಾಂಬೆರೊಮೋರಸ್ ಗುಟ್ಟಾಟಸ್ ಇನ್ನೊಂದು. ಪಟ್ಟೆಯೂ ಚುಕ್ಕೆಯೂ ಚರ್ಮದ ಜೊತೆಗೇ ಹೋಗಿರುತ್ತವೆ.

ಪದವಿ ಕಾಲೇಜಿನ ಜೈವಿಕ ತಂತ್ರಜ್ಞಾನದ ಪ್ರಯೋಗಾಲಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಾರದು. ಈಗ ಬಹಳ ಕಡೆ ನಡೆಯುವುದು ಕಿಟ್ ಪ್ರಯೋಗ. ಡಿಎನ್‌ಎ ಮೊದಲೇ ತಯಾರಾಗಿ ಬಂದಿರುತ್ತದೆ, ಉತ್ತರ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ, ಕೊನೆಗೆ ಡಿಎನ್‌ಎಯ ಗೆರೆ, ಅಂದರೆ ಪಟ್ಟಿ, ಎಲ್ಲಿ ಕಾಣಬೇಕೆಂದು ವಿದ್ಯಾರ್ಥಿಗೆ ಮೊದಲೇ ಗೊತ್ತಿರುತ್ತದೆ. ಅದು ಪ್ರಾತ್ಯಕ್ಷಿಕೆ ಅಷ್ಟೆ. ಉತ್ತರ ಮೇಷ್ಟ್ರಿಗೂ ಗೊತ್ತಿಲ್ಲದ ಒಂದು ಮೀನಿನ ತುಂಡನ್ನು ಮೇಜಿನ ಮೇಲಿಟ್ಟು ನೋಡಿ, ತರಗತಿಯ ರೀತಿಯೇ ಬೇರೆಯಾಗುತ್ತದೆ.

ಕೆನಡಾದ ಪಾಲ್ ಹೆಬರ್ಟ್ ಮತ್ತು ಅವರ ಸಂಗಡಿಗರು 2003ರಲ್ಲಿ ಒಂದು ಸಲಹೆ ಮುಂದಿಟ್ಟರು. ಪ್ರಾಣಿಗಳ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದಲ್ಲಿ ಸೈಟೋಕ್ರೋಮ್ ಆಕ್ಸಿಡೇಸ್ ಒಂದು, ಅಂದರೆ ಸಿಒಐ ಎಂಬ ಜೀನ್ ಇದೆ. ಅದರ ಸುಮಾರು 650 ಅಕ್ಷರಗಳ ಒಂದು ಭಾಗವನ್ನು ಓದಿದರೆ ಹೆಚ್ಚಿನ ಪ್ರಾಣಿಗಳ ಜಾತಿ ಗುರುತಿಸಬಹುದು ಎಂಬುದೇ ಆ ಸಲಹೆ. ಅಂಗಡಿಯ ಸಾಮಾನಿನ ಮೇಲಿನ ಬಾರ್‌ಕೋಡ್ ಇದ್ದ ಹಾಗೆ. ಮೀನಿಗಂತೂ ಇದು ಚೆನ್ನಾಗಿ ಒಗ್ಗಿದೆ.

ಮೊದಲ ಕೆಲಸ ತುಂಡಿನಿಂದ ಡಿಎನ್‌ಎ ತೆಗೆಯುವುದು. ಬೇಕಾದದ್ದು 25 ಮಿಲಿಗ್ರಾಂ ಮಾಂಸ, ಹತ್ತಿರ ಹತ್ತಿರ ಒಂದು ಕುಚ್ಚಲಕ್ಕಿ ಕಾಳಿನಷ್ಟು. ಜಾಸ್ತಿ ಹಾಕಿದರೆ ಡಿಎನ್‌ಎ ಜಾಸ್ತಿ ಬರುತ್ತದೆಂಬ ಆಸೆ ಬೇಡ, ಮಾಂಸ ಪೂರ್ತಿ ಕರಗದೆ ಕೆಲಸ ಕೆಡುತ್ತದೆ. ಈ ಕಾಳಿನಷ್ಟು ಮಾಂಸವನ್ನು ತುಂಡಿನ ಒಳಗಿನಿಂದಲೇ ತೆಗೆಯಬೇಕು. ಮಾರುಕಟ್ಟೆಯ ಕತ್ತಿ, ಹಲಗೆ ಬೆಳಿಗ್ಗೆಯಿಂದ ಹತ್ತು ಬಗೆಯ ಮೀನು ಕಂಡಿರುತ್ತವೆ. ತುಂಡಿನ ಹೊರಮೈಯನ್ನು ಕೆರೆದು ಹಾಕಿದಿರಾದರೆ ಅಂಜಲ್ ಜೊತೆಗೆ ಬಂಗುಡೆಯ ಡಿಎನ್‌ಎಯೂ ಟ್ಯೂಬಿಗೆ ಇಳಿಯುತ್ತದೆ.

ಮಾಂಸವನ್ನು ಸಣ್ಣಗೆ ಹೆಚ್ಚಿ, ಎಸ್‌ಡಿಎಸ್ ಎಂಬ ಮಾರ್ಜಕ ಬೆರೆಸಿದ 500 ಮೈಕ್ರೋಲೀಟರ್ ಬಫರ್‌ಗೆ ಹಾಕಿ. ಮಿಲಿಲೀಟರಿಗೆ 20 ಮಿಲಿಗ್ರಾಂ ಇರುವ ಪ್ರೋಟಿನೇಸ್ ಕೆ ಕಿಣ್ವವನ್ನು 10 ಮೈಕ್ರೋಲೀಟರ್ ಸೇರಿಸಿ, 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ ಇಡಿ. ಮಾಂಸ ಕರಗಿ ದ್ರವ ತಿಳಿಯಾಗಬೇಕು. ತುಣುಕು ಇನ್ನೂ ಕಾಣುತ್ತಿದ್ದರೆ ರಾತ್ರಿಯಿಡೀ ಬಿಡಿ, ಅವಸರ ಮಾಡಿ ಪ್ರಯೋಜನವಿಲ್ಲ. ಆಮೇಲೆ ಸಾಂದ್ರ ಉಪ್ಪುನೀರು ಹಾಕಿ ತಣ್ಣಗೆ ಇಟ್ಟರೆ ಪ್ರೋಟೀನು ಬಿಳಿಯಾಗಿ ಒಡೆಯುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಮಾತ್ರ ಹೊಸ ಟ್ಯೂಬಿಗೆ ತೆಗೆದುಕೊಳ್ಳಿ. ತಳದ ಬಿಳಿಯನ್ನು ಸ್ವಲ್ಪವೂ ಎಳೆಯಬಾರದು. ಅದಕ್ಕಾಗಿ 50 ಮೈಕ್ರೋಲೀಟರ್ ತಿಳಿಯನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ. ತಿಳಿಗೆ ಅಷ್ಟೇ ಪ್ರಮಾಣದ ಐಸೊಪ್ರೊಪನಾಲ್ ಸೇರಿಸಿ ಮೆಲ್ಲಗೆ ಮೇಲೆ ಕೆಳಗೆ ಮಾಡಿದರೆ ಡಿಎನ್‌ಎ ಹೊರಬೀಳುತ್ತದೆ. ಮತ್ತೊಮ್ಮೆ ತಿರುಗಿಸಿ, 70 ಶೇಕಡಾ ಆಲ್ಕೋಹಾಲಿನಿಂದ ತೊಳೆದು, ಒಣಗಿಸಬೇಕು.

ಈ ಒಣಗಿಸುವಲ್ಲಿ ನಮ್ಮ ಕರಾವಳಿ ಸತಾಯಿಸುತ್ತದೆ. ಕೈಪಿಡಿಯಲ್ಲಿ ಹತ್ತು ನಿಮಿಷ ಅಂತ ಬರೆದಿರುತ್ತದೆ. ಅದು ಒಣ ಹವೆಯ ಊರಿನ ಲೆಕ್ಕ. ಜುಲೈ ತಿಂಗಳ ಮಂಗಳೂರಿನಲ್ಲಿ ಬಟ್ಟೆಯೇ ಮೂರು ದಿನಕ್ಕೂ ಒಣಗುವುದಿಲ್ಲ, ಇನ್ನು ಟ್ಯೂಬಿನ ತಳದ ಹನಿಯ ಮಾತೇಕೆ? ಆಲ್ಕೋಹಾಲ್ ಉಳಿದರೆ ಮುಂದೆ ಡಿಎನ್‌ಎಯ ನಕಲು ತೆಗೆಯುವ ಪಿಸಿಆರ್ ಕೂರುವುದಿಲ್ಲ, ಡಿಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ನೋಡುವ ಜೆಲ್‌ನ ಗುಳಿಗೆ ಹಾಕಿದ ಮಾದರಿ ತಳದಲ್ಲಿ ನಿಲ್ಲದೆ ಮೇಲೆ ತೇಲಿ ಹೋಗುತ್ತದೆ. ಟ್ಯೂಬನ್ನು ಇನ್ನೊಮ್ಮೆ ಅರೆ ನಿಮಿಷ ತಿರುಗಿಸಿ, ತಳಕ್ಕಿಳಿದ ಹನಿಯನ್ನು ಸಣ್ಣ ಟಿಪ್ಪಿನಿಂದ ಹೀರಿ ತೆಗೆದು, ಮುಚ್ಚಳ ತೆರೆದು 37 ಡಿಗ್ರಿಯಲ್ಲಿಡಿ. ಹಾಗೆಂದು ಮರೆತು ಊಟಕ್ಕೆ ಹೋಗಬೇಡಿ. ಅತಿಯಾಗಿ ಒಣಗಿದ ಡಿಎನ್‌ಎ ಮತ್ತೆ ಕರಗಲು ಹಟ ಮಾಡುತ್ತದೆ.

ಇನ್ನು ಪಿಸಿಆರ್. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಎಲ್ಲರಿಗೂ ಈ ಹೆಸರು ಗೊತ್ತು. ಅಮೆರಿಕದ ಕ್ಯಾರಿ ಮುಲ್ಲಿಸ್ ಇದನ್ನು 1983ರಲ್ಲಿ ಯೋಚಿಸಿದರು, 1993ರಲ್ಲಿ ಅವರಿಗೆ ನೊಬೆಲ್ ಬಂತು. ಡಿಎನ್‌ಎಯನ್ನು ಕಾಯಿಸಿ ಎರಡು ಎಳೆ ಬಿಡಿಸುವುದು, ತಣಿಸಿ ಪ್ರೈಮರ್ ಎಂಬ ಚಿಕ್ಕ ತುಣುಕುಗಳನ್ನು ಎಳೆಗೆ ಅಂಟಿಸುವುದು, ಮತ್ತೆ ಸ್ವಲ್ಪ ಕಾಯಿಸಿ ಕಿಣ್ವದಿಂದ ಹೊಸ ಎಳೆ ಕಟ್ಟಿಸುವುದು. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. ಎಲ್ಲ ಸರಿಯಾಗಿ ನಡೆದರೆ 30 ಸುತ್ತಿಗೆ ಒಂದು ಅಣುವಿನಿಂದ 107 ಕೋಟಿ. ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯದಿಂದ ಬಂದ ಟ್ಯಾಕ್ ಕಿಣ್ವ ಆ ಕಾವನ್ನು ತಾಳುತ್ತದೆ. ಅದು ಬರುವ ಮೊದಲು ಪ್ರತಿ ಸುತ್ತಿಗೂ ಟ್ಯೂಬ್ ತೆರೆದು ಹೊಸ ಕಿಣ್ವ ಹಾಕಬೇಕಿತ್ತು.

ಒಂದು ಟ್ಯೂಬಿಗೆ 25 ಮೈಕ್ರೋಲೀಟರಿನ ಲೆಕ್ಕ ಹೀಗೆ. ಹತ್ತು ಪಟ್ಟು ಸಾಂದ್ರತೆಯ, ಮೆಗ್ನೀಸಿಯಂ ಇರುವ ಬಫರ್ 2.5. ಹೊಸ ಎಳೆ ಕಟ್ಟುವ ಅಕ್ಷರಗಳಾದ ನಾಲ್ಕೂ ಡಿಎನ್‌ಟಿಪಿ ಸೇರಿದ 10 ಮಿಲಿಮೋಲಾರ್ ಮಿಶ್ರಣ ಅರ್ಧ. 10 ಮೈಕ್ರೋಮೋಲಾರಿನ ಎರಡು ಪ್ರೈಮರ್ ತಲಾ 1. ಟ್ಯಾಕ್ ಕಿಣ್ವ 0.2. ಮೀನಿನ ಡಿಎನ್‌ಎ 1. ಉಳಿದ 18.8 ನೀರು. ಈ 0.2 ಮೈಕ್ರೋಲೀಟರ್ ಇದೆಯಲ್ಲ, ಅದನ್ನು ಒಂದೊಂದು ಟ್ಯೂಬಿಗೂ ಬೇರೆಬೇರೆ ಅಳೆಯಲು ಹೊರಟರೆ ಸೋಲು ಖಂಡಿತ. 8 ಟ್ಯೂಬ್ ಇದ್ದರೆ 9ಕ್ಕೆ ಆಗುವಷ್ಟು ಮಿಶ್ರಣವನ್ನು ಒಟ್ಟಿಗೆ ಮಾಡಿ, 24ರಂತೆ ಹಂಚಿ, ಕೊನೆಯಲ್ಲಿ ಡಿಎನ್‌ಎ ಹಾಕಬೇಕು. ಕಿಣ್ವ ಗ್ಲಿಸರಾಲ್‌ನಲ್ಲಿ ಇರುವುದರಿಂದ ಜೇನಿನಂತೆ ತಳಕ್ಕೆ ಇಳಿಯುತ್ತದೆ. ಬೆರಳಿನಿಂದ ತಟ್ಟಿ ಬೆರೆಸದಿದ್ದರೆ ಮೊದಲ ಟ್ಯೂಬಿಗೆ ಕಿಣ್ವವೇ ಇಲ್ಲ, ಕೊನೆಯ ಟ್ಯೂಬಿಗೆ ಎಲ್ಲರ ಪಾಲೂ. ಮೈಕ್ರೋಪಿಪೆಟ್ಟಿನ ಗುಂಡಿಯನ್ನು ಎರಡನೆಯ ತಡೆಯವರೆಗೆ ಒತ್ತಿ ದ್ರವ ಎಳೆಯುವುದು ಹೊಸಬರ ಇನ್ನೊಂದು ತಪ್ಪು. ಎಳೆಯುವಾಗ ಮೊದಲ ತಡೆ, ಬಿಡುವಾಗ ಎರಡನೆಯದು.

ಯಂತ್ರಕ್ಕೆ ಕೊಡುವ ಸೂಚನೆ: 95 ಡಿಗ್ರಿಯಲ್ಲಿ 2 ನಿಮಿಷ. ಆಮೇಲೆ 94 ಡಿಗ್ರಿಯಲ್ಲಿ 30 ಸೆಕೆಂಡ್, 54ರಲ್ಲಿ 30 ಸೆಕೆಂಡ್, 72ರಲ್ಲಿ 1 ನಿಮಿಷ, ಹೀಗೆ 35 ಸುತ್ತು. ಕೊನೆಗೆ 72ರಲ್ಲಿ 10 ನಿಮಿಷ. ಮಳೆಗಾಲವಾದರೆ ಯಂತ್ರವನ್ನು ಯುಪಿಎಸ್‌ಗೆ ಸಿಕ್ಕಿಸಿಯೇ ಸ್ವಿಚ್ ಹಾಕಿ. ಕಿಣ್ವ ಇಡುವ ಮೈನಸ್ 20ರ ಫ್ರೀಜರ್ ತಾನೇ ಹಿಮ ಕರಗಿಸಿಕೊಳ್ಳುವ ಜಾತಿಯದ್ದಾಗಿರಬಾರದು. ಹಿಮ ಕರಗಿಸಲು ಅದು ಆಗಾಗ ಬೆಚ್ಚಗಾಗುತ್ತದೆ, ಪ್ರತಿ ಸಲವೂ ಕಿಣ್ವದ ಶಕ್ತಿ ಕುಂದುತ್ತದೆ.

ಒಂದು ಅಣುವನ್ನು 107 ಕೋಟಿ ಮಾಡುವ ಯಂತ್ರಕ್ಕೆ ಅದು ಯಾರ ಅಣು ಎಂಬ ವಿವೇಕ ಇಲ್ಲ. ಅದಕ್ಕೇ ಬರೀ ನೀರಿನ ಟ್ಯೂಬು. ಬಫರ್, ಪ್ರೈಮರ್, ಕಿಣ್ವ ಎಲ್ಲ ಹಾಕಿ, ಡಿಎನ್‌ಎ ಬದಲು ಅಷ್ಟೇ ನೀರು ಹಾಕಿದ ಟ್ಯೂಬ್. ಇದರಲ್ಲಿ ಏನೂ ಕಾಣಬಾರದು. ಕಂಡರೆ ಆ ದಿನದ ಎಲ್ಲ ಟ್ಯೂಬ್‌ಗಳೂ ಕಸದ ಡಬ್ಬಕ್ಕೆ, ಎಷ್ಟೇ ಚೆಂದದ ಪಟ್ಟಿ ಬಂದಿರಲಿ. ನೀರಿನ ಟ್ಯೂಬಿನಲ್ಲಿ ಸ್ವಲ್ಪ ಮಂಕಾಗಿ ಬಂದಿದೆ, ಪರವಾಗಿಲ್ಲ ಎಂದು ಮುಂದೆ ಹೋಗುವ ಪ್ರಯೋಗಾಲಯದಿಂದ ಬಂದ ಫಲಿತಾಂಶವನ್ನು ನಂಬಬೇಡಿ. ಮಾಂಸ ಹಾಕದೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಹಂತ ದಾಟಿಸಿದ ಇನ್ನೊಂದು ಖಾಲಿ ಟ್ಯೂಬ್ ಕೂಡ ಇರಲಿ. ಮಾಲಿನ್ಯ ಸೇರಿದ್ದು ಡಿಎನ್‌ಎ ತೆಗೆಯುವಾಗಲೋ ಪಿಸಿಆರ್ ಹಾಕುವಾಗಲೋ ಎಂಬುದನ್ನು ಅದು ಹೇಳುತ್ತದೆ. ಜಾತಿ ಖಚಿತವಾಗಿ ಗೊತ್ತಿರುವ ಒಂದು ಬಂಗುಡೆಯ ಡಿಎನ್‌ಎ ಇರುವ ಮೂರನೆಯ ಟ್ಯೂಬೂ ಬೇಕು. ಅದರಲ್ಲಿಯೂ ಪಟ್ಟಿ ಬಾರದಿದ್ದರೆ ದೋಷ ನಿಮ್ಮ ಅಂಜಲ್ ತುಂಡಿನದ್ದಲ್ಲ.

ನೀರಿನ ಟ್ಯೂಬಿನಲ್ಲಿ ಪಟ್ಟಿ ಬರುವುದು ಎಲ್ಲಿಂದ? ಹೆಚ್ಚಿನ ಸಲ ನಿನ್ನೆಯ ಪಿಸಿಆರ್‌ನಿಂದ. ಮುಗಿದ ಟ್ಯೂಬಿನ ಮುಚ್ಚಳ ತೆರೆದಾಗ ಹಾರುವ ಕಣ್ಣಿಗೆ ಕಾಣದ ಹನಿಯಲ್ಲೂ ಲಕ್ಷಗಟ್ಟಲೆ ನಕಲುಗಳಿರುತ್ತವೆ. ಆದ್ದರಿಂದ ಪಿಸಿಆರ್ ಹಾಕುವ ಕೋಣೆ ಬೇರೆ, ಜೆಲ್ ಓಡಿಸುವ ಕೋಣೆ ಬೇರೆ. ಎರಡಕ್ಕೂ ಪಿಪೆಟ್, ಕೋಟು, ಕೈಗವಸು ಬೇರೆಬೇರೆ. ಜೆಲ್ ಕೋಣೆಗೆ ಹೋದ ವಸ್ತು ಆ ಕಡೆಯಿಂದ ವಾಪಸು ಬರಬಾರದು. ಧಕ್ಕೆಯಿಂದ ಮೀನಿನ ಜೊತೆ ತಂದ ಐಸನ್ನೇ ಟ್ಯೂಬ್ ತಣ್ಣಗಿಡಲು ಬಳಸುವವರಿದ್ದಾರೆ. ಆ ಐಸಿನ ತುಂಬ ಮೀನಿನ ಲೋಳೆ, ದಯವಿಟ್ಟು ಬೇಡ.

ಇನ್ನೊಂದು ತಪ್ಪು ತಿಳಿವಳಿಕೆ ಸ್ಯಾನಿಟೈಸರ್‌ನದ್ದು. ಮೇಜಿಗೆ ಆಲ್ಕೋಹಾಲ್ ಒರೆಸಿದರೆ ಶುದ್ಧವಾಯಿತೆಂದು ಈಗ ಎಲ್ಲರ ನಂಬಿಕೆ. ಸೂಕ್ಷ್ಮಜೀವಿಗಳು ಸಾಯಬಹುದು, ಡಿಎನ್‌ಎಗೆ ಏನೂ ಆಗದು. ಡಿಎನ್‌ಎಯನ್ನು ಕೆಡದಂತೆ ಇಡಲು ನಾವು ಬಳಸುವುದೇ ಆಲ್ಕೋಹಾಲ್! ಬೇಕಾದದ್ದು ಬ್ಲೀಚ್: ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅದೇ ದಿನ ಬೆರೆಸಿದ್ದು, ಹತ್ತು ನಿಮಿಷ ಬಿಟ್ಟು ನೀರಿನಲ್ಲಿ ಒರೆಸಬೇಕು. ಒರೆಸದೆ ಬಿಟ್ಟರೆ ಉಪ್ಪುಗಾಳಿಗೆ ಮೊದಲೇ ತುಕ್ಕು ಹಿಡಿಯುವ ನಮ್ಮ ಕಬ್ಬಿಣ, ಸ್ಟೀಲು ಇನ್ನಷ್ಟು ಬೇಗ ಹೋಗುತ್ತದೆ.

ಇದು ಪಾಠದ ಮಾತಷ್ಟೇ ಅಲ್ಲ. ಕುಂದಾಪುರದ ಕಡೆಯ ಸಿಗಡಿ ಕೆರೆಗಳನ್ನು ನೆನೆಯಿರಿ. ಸಿಗಡಿಯ ಬಿಳಿ ಚುಕ್ಕೆ ರೋಗದ ವೈರಸ್ ತೊಂಬತ್ತರ ದಶಕದ ನಡುವೆ ಭಾರತದ ಸಿಗಡಿ ಕೃಷಿಗೆ ದೊಡ್ಡ ಪೆಟ್ಟು ಕೊಟ್ಟಿತು. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ, ಕೆರೆಯ ಸಿಗಡಿ ಮಾತ್ರ ಕೆಲವೇ ದಿನಗಳಲ್ಲಿ ಮಗುಚುತ್ತದೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಅವರ ವಿದ್ಯಾರ್ಥಿಗಳು ಈ ವೈರಸ್‌ನ ಮೇಲೆ ಕೆಲಸ ಮಾಡಿದರು. ಮರಿ ಬಿಡುವ ಮೊದಲು ಪಿಸಿಆರ್ ಮಾಡಿಸಬೇಕೆಂಬುದು ಈಗ ರೈತರಿಗೆ ಗೊತ್ತಿದೆ. ಪರೀಕ್ಷೆಗೆ ಎಷ್ಟು ಮರಿ ತರಬೇಕೆಂಬುದರಲ್ಲಿ ಎಡವುತ್ತಾರೆ. ಶೇಕಡಾ 2ರಷ್ಟು ಮರಿಗಳಿಗೆ ಸೋಂಕಿದ್ದರೆ, ಅದನ್ನು ಶೇಕಡಾ 95 ಭರವಸೆಯಿಂದ ಹಿಡಿಯಲು ತೊಟ್ಟಿಯ ಬೇರೆಬೇರೆ ಕಡೆಯಿಂದ 150 ಮರಿ ಬೇಕು. ಇಪ್ಪತ್ತು ಮರಿ ತಂದು ವೈರಸ್ ಇಲ್ಲ ಎಂಬ ಚೀಟಿ ಪಡೆದರೆ ಆ ಚೀಟಿಗೆ ಬೆಲೆ ಕಡಿಮೆ. ದೊಡ್ಡ ಸಿಗಡಿಯಾದರೆ ಕಣ್ಣನ್ನು ಸೇರಿಸಬೇಡಿ, ಅದರಲ್ಲಿ ಪಿಸಿಆರ್ ತಡೆಯುವ ವಸ್ತು ಇದೆ. ಸೋಂಕಿದ್ದರೂ ಇಲ್ಲವೆಂದು ಬರುತ್ತದೆ. ಕಿವಿರು ಅಥವಾ ಈಜುಗಾಲು ಒಳ್ಳೆಯದು.

ಮತ್ತೆ ನಮ್ಮ ಅಂಜಲ್‌ಗೆ. ಜೆಲ್ ಅಂದರೆ ಕಡಲಕಳೆಯಿಂದ ಬರುವ ಅಗರೋಸ್, ಪುಡಿಂಗ್‌ಗೆ ಹಾಕುವ ಚೈನಾಗ್ರಾಸ್‌ನ ಹತ್ತಿರದ ನೆಂಟ. 100 ಮಿಲಿಲೀಟರ್ ಟಿಎಇ ಬಫರ್‌ಗೆ ಒಂದೂವರೆ ಗ್ರಾಂ. ನೀರಿನಲ್ಲಿ ಕಾಯಿಸಿದರೆ ಜೆಲ್ ಗಟ್ಟಿಯಾಗುತ್ತದೆ, ಆದರೆ ಡಿಎನ್‌ಎ ಸರಿಯಾಗಿ ಓಡದು. ಕರೆಂಟು ಹರಿಸಿದಾಗ ಡಿಎನ್‌ಎ ಕಪ್ಪು ತಂತಿಯಿಂದ ಕೆಂಪಿನ ಕಡೆಗೆ ಓಡುತ್ತದೆ. ತಂತಿ ಅದಲುಬದಲಾದರೆ ಹಿಂದಕ್ಕೆ ಓಡಿ ಬಫರ್‌ನಲ್ಲಿ ಕಾಣೆಯಾಗುತ್ತದೆ. ಬಣ್ಣಕ್ಕೆ ಎಥಿಡಿಯಂ ಬ್ರೋಮೈಡ್ ಬಳಸುವುದಾದರೆ ನೈಟ್ರೈಲ್ ಕೈಗವಸು ಕಡ್ಡಾಯ. ಅದು ಡಿಎನ್‌ಎಯ ಮೆಟ್ಟಿಲುಗಳ ನಡುವೆ ನುಸುಳುವ ವಸ್ತು, ನಮ್ಮದನ್ನೂ ಬಿಡದು. ಸಿಂಕಿಗೆ ಚೆಲ್ಲಬೇಡಿ. ಪಟ್ಟಿ 650ರಿಂದ 700 ಅಕ್ಷರಗಳ ಉದ್ದದ ನಡುವೆ ಕಂಡರೆ ಸರಿ. 100ಕ್ಕಿಂತ ಕೆಳಗೆ ಮಬ್ಬಾಗಿ ಕಾಣುವುದು ಪ್ರೈಮರ್‌ಗಳು ತಮ್ಮತಮ್ಮಲ್ಲೇ ಅಂಟಿಕೊಂಡದ್ದು. ಏನೂ ಕಾಣದಿದ್ದರೆ ಡಿಎನ್‌ಎ ಇನ್ನಷ್ಟು ಸುರಿಯಬೇಡಿ, ಹತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿ. ಉಪ್ಪು, ಎಸ್‌ಡಿಎಸ್ ಉಳಿದು ಕಿಣ್ವವನ್ನು ತಡೆದಿದ್ದರೆ ಅವೂ ತೆಳುವಾಗಿ ಪಟ್ಟಿ ಏಳುತ್ತದೆ. ಡಬ್ಬಿಯಲ್ಲಿ ಬೇಯಿಸಿದ ಮೀನಾದರೆ ಡಿಎನ್‌ಎ ನುಚ್ಚುನೂರಾಗಿರುತ್ತದೆ. ಅದಕ್ಕೆ 100ರಿಂದ 200 ಅಕ್ಷರಗಳ ಚಿಕ್ಕ ಬಾರ್‌ಕೋಡ್‌ನ ಪ್ರೈಮರ್ ಬೇಕು.

ಅಕ್ಷರ ಓದಿಸಲು ಹೊರಗೆ ಕಳಿಸಿ, ಎರಡೂ ದಿಕ್ಕಿನಿಂದ ಓದಿಸಿ. ಬಂದ ಸರಣಿಯ ಮೊದಲ ಮೂವತ್ತು ನಲವತ್ತು ಅಕ್ಷರ ಗೋಜಲು, ಕತ್ತರಿಸಿ. ಆಮೇಲೆ ಅದನ್ನು ಪ್ರೋಟೀನಿನ ಭಾಷೆಗೆ ತಿರುಗಿಸಿ ನೋಡಬೇಕು, ನಡುವೆ ಪೂರ್ಣವಿರಾಮ ಬರಬಾರದು. ಇಲ್ಲಿ ವಿದ್ಯಾರ್ಥಿಗಳು ಗಾಬರಿಯಾಗುವುದುಂಟು. ಸಾಮಾನ್ಯ ಸಂಕೇತದಲ್ಲಿ ಟಿಜಿಎ ಅಂದರೆ ನಿಲ್ಲು. ಬೆನ್ನೆಲುಬಿರುವ ಪ್ರಾಣಿಗಳ ಮೈಟೊಕಾಂಡ್ರಿಯದಲ್ಲಿ ಅದೇ ಟಿಜಿಎ ಟ್ರಿಪ್ಟೊಫ್ಯಾನ್. ಸಾಫ್ಟ್‌ವೇರ್‌ನಲ್ಲಿ ಎರಡನೆಯ ಸಂಕೇತ ಪಟ್ಟಿ ಆರಿಸಿದರೆ ಆ ಸುಳ್ಳು ಪೂರ್ಣವಿರಾಮಗಳು ಮಾಯ. ಕೊನೆಗೆ ಜಾಲದ ದತ್ತಸಂಚಯದೊಡನೆ ಹೋಲಿಸಿ. ಶೇಕಡಾ 99ರಷ್ಟು ಹೊಂದಿಕೆ ಬಂದರೂ ಮೊದಲ ಸಾಲಿನ ಹೆಸರನ್ನೇ ಬರೆದುಕೊಳ್ಳಬೇಡಿ, ಮೊದಲ ಹತ್ತು ಸಾಲು ಓದಿ. ತಪ್ಪು ಹೆಸರಿನಲ್ಲಿ ಸೇರಿಸಿದ ಸರಣಿಗಳು ಅಲ್ಲಿಯೂ ಇವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಕಾಲೇಜು ತೆರೆದಾಗ ಧಕ್ಕೆ ಖಾಲಿ. ಪ್ರಯೋಗ ಮಾಡಿಸುವ ಅಧ್ಯಾಪಕರು ಮಾದರಿಗಳನ್ನು ಮೇ ತಿಂಗಳಲ್ಲೇ ಕೂಡಿಡಬೇಕು. ಫಾರ್ಮಲಿನ್ ಬೇಡ, ಅದು ಡಿಎನ್‌ಎಯನ್ನು ಪ್ರೋಟೀನಿಗೆ ಹೊಲಿದುಬಿಡುತ್ತದೆ. ಶೇಕಡಾ 95ರ ಆಲ್ಕೋಹಾಲ್, ಮಾಂಸದ ಹತ್ತು ಪಾಲು. ಮಾಂಸದ ನೀರು ಬಿಟ್ಟು ಆಲ್ಕೋಹಾಲ್ ತೆಳುವಾಗುವುದರಿಂದ ಮರುದಿನ ಒಮ್ಮೆ ಬದಲಿಸಿ. ತಿಳಿದ ಮೀನಾದರೆ ಕತ್ತರಿಸುವ ಮೊದಲು ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಜಾಗ, ದಿನಾಂಕ, ಸಂಖ್ಯೆಯನ್ನು ದಪ್ಪ ಕಾಗದದ ಚೂರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಿ. ಹೊರಗೆ ಮಾರ್ಕರ್‌ನಲ್ಲಿ ಬರೆದದ್ದು ಒಂದು ತೊಟ್ಟು ಆಲ್ಕೋಹಾಲ್ ತಗುಲಿದರೆ ಅಳಿಸಿಹೋಗುತ್ತದೆ.

ನಮಸ್ಕಾರ.